'ಈಸ್' ಹೋಗಿ 'ವಾಸ್' ಆದ ಕತೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇಲ್ ಬರೆದಿದ್ದೆ: 'ಕ್ಲೈಂಟ್ ಸೆಡ್ ದ ಸರ್ವರ್ ವಾಸ್ ಡೌನ್.' ವ್ಯಾಕರಣ ಪಕ್ಕಾ. ಓದಿದ ಮ್ಯಾನೇಜರ್, ಆಗ ಡೌನ್ ಇತ್ತು, ಈಗ ಸರಿಹೋಗಿರಬೇಕು ಅಂದ್ಕೊಂಡು ಊಟಕ್ಕೆ ಹೋದರು. ಸರ್ವರ್ ಇನ್ನೂ ಮಲಗೇ ಇತ್ತು. ಬೈಸಿಕೊಂಡವನು ನಾನು.

ನಮ್ಮೂರಲ್ಲಿ ಈ ತಾಪತ್ರಯವೇ ಇಲ್ಲ. 'ನಾಳೆ ಬರ್ತೀನಿ ಅಂದ' ಅಂತೀವಿ. ಆಡಿದವನ 'ಬರ್ತೀನಿ' ಹಾಗೇ ಉಳಿಯುತ್ತೆ, ಕೊನೆಗೊಂದು 'ಅಂದ' ಸೇರಿಸಿದರೆ ಮುಗೀತು. ಇಂಗ್ಲಿಷಿನವರು ಮಾತ್ರ 'ವಿಲ್' ತೆಗೆದು 'ವುಡ್', 'ಈಸ್' ತೆಗೆದು 'ವಾಸ್' ಯಾಕೆ ಮಾಡ್ತಾರೆ? ನನಗೆ ಇದು ಅರ್ಥವಾಗಿದ್ದು ಬ್ರಿಟಿಷ್ ಪಾರ್ಲಿಮೆಂಟಿನ ಹಳೇ ವರದಿಗಳನ್ನು ತಿರುವಿಹಾಕಿದಾಗ.

ಸದನದ ಚರ್ಚೆಯನ್ನು ಅಚ್ಚು ಹಾಕುವುದು ಹಕ್ಕುಚ್ಯುತಿ ಅಂತ 1738ರಲ್ಲಿ ಹೌಸ್ ಆಫ್ ಕಾಮನ್ಸ್ ನಿರ್ಣಯ ಮಾಡಿತ್ತು. 'ಜೆಂಟಲ್‌ಮನ್ಸ್ ಮ್ಯಾಗಝೀನ್' ಸುಮ್ಮನಿರಲಿಲ್ಲ, ಲಿಲಿಪುಟ್ ದೇಶದ ಚರ್ಚೆ ಅಂತ ಹೆಸರು ಬದಲಿಸಿ ಛಾಪಿಸಿತು. ಕೆಲವು ವರ್ಷ ಆ ಭಾಷಣಗಳನ್ನು ಬರೆದುಕೊಟ್ಟವರು ಮುಂದೆ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್. ಅದೂ ಹೆಚ್ಚುಕಮ್ಮಿ ಸದನಕ್ಕೆ ಕಾಲಿಡದೇ! 1771ರಲ್ಲಿ ಮುದ್ರಕರ ಜತೆ ದೊಡ್ಡ ಜಗಳವಾದ ಮೇಲೆ ತಡೆ ಸಡಿಲಾಯ್ತು. 1812ರಲ್ಲಿ ವಿಲಿಯಂ ಕಾಬೆಟ್‌ನಿಂದ ಚರ್ಚಾ ಸಂಪುಟಗಳ ಹಕ್ಕು ಕೊಂಡ ಮುದ್ರಕ ಹ್ಯಾನ್ಸಾರ್ಡ್‌ಗೂ ಸ್ವಂತ ವರದಿಗಾರರಿರಲಿಲ್ಲ, ಪತ್ರಿಕೆಗಳಿಂದ ಆಯ್ದು ಹಾಕುತ್ತಿದ್ದ.

ಆ ಪುಟಗಳಲ್ಲಿ ಬಹುಪಾಲು ಭಾಷಣ 'ನಾನು' ಅಂತ ಇರಲ್ಲ, 'ಅವರು' ಅಂತ ಇರುತ್ತೆ. ಸದಸ್ಯ ಎದ್ದು 'ಈ ತೆರಿಗೆ ಅನ್ಯಾಯ, ಬಡವರು ಹಾಳಾಗ್ತಾರೆ' ಅಂದ ಅಂತಿಟ್ಟುಕೊಳ್ಳಿ. ವರದಿಯಲ್ಲಿ ಒಂದು ಸಲ 'ಹೀ ಸೆಡ್' ಬರುತ್ತೆ, ಆಮೇಲೆ ಪ್ಯಾರಾಗಟ್ಟಲೆ ಅದು ಬರೋದೇ ಇಲ್ಲ. ಬರೀ 'ದ ಟ್ಯಾಕ್ಸ್ ವಾಸ್ ಅನ್‌ಜಸ್ಟ್, ಇಟ್ ವುಡ್ ರೂಯಿನ್ ದ ಪೂರ್.' ಉದ್ಧರಣ ಚಿಹ್ನೆಯಿಲ್ಲ, ನಮ್ಮ 'ಅಂತೆ' ಕೂಡ ಇಲ್ಲ. ಇದು ಬರೆದವನ ಅಭಿಪ್ರಾಯವಲ್ಲ, ಆಡಿದವನದು ಅಂತ ಹೇಳೋಕೆ ಉಳಿದಿರೋದು ಆ ಹಿಂದೆ ಸರಿದ ಕಾಲ ಒಂದೇ. ಅಲ್ಲೇ 'ಈಸ್' ಬರೆದರೆ ತೆರಿಗೆ ಅನ್ಯಾಯ ಅಂತ ವರದಿಗಾರನೇ ರುಜು ಹಾಕಿದ ಹಾಗೆ ಕಾಣುತ್ತಿತ್ತು. ಇನ್ನು ಸದಸ್ಯನೇ 'ವಾಸ್' ಅಂದಿದ್ದರೆ? ಅದು 'ಹ್ಯಾಡ್ ಬೀನ್' ಆಗಬೇಕು, ಇಲ್ಲದಿದ್ದರೆ ನಿನ್ನೆಯದೂ ಇವತ್ತಿನದೂ ಕಲಸಿಹೋಗುತ್ತೆ.

ಶಾಲೆಯಲ್ಲಿ ನಮಗೆ ಕೊಟ್ಟಿದ್ದು ಬದಲಾವಣೆಯ ಪಟ್ಟಿ ಮಾತ್ರ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನೋ ಥರದ ಸಾರ್ವಕಾಲಿಕ ಸತ್ಯಕ್ಕೆ ವಿನಾಯಿತಿ ಅಂತಲೂ ಬಾಯಿಪಾಠ ಮಾಡಿಸಿದ್ದರು. ಯಾವುದು ಇನ್ನೂ ನಿಜ ಅಂತ ತೀರ್ಮಾನಿಸೋದು ವರದಿ ಮಾಡುವವನೇ ಅಂತ ಯಾರೂ ಹೇಳಿರಲಿಲ್ಲ.

1909ರಲ್ಲಿ ಹ್ಯಾನ್ಸಾರ್ಡ್ ಸದನದ ಅಧಿಕೃತ ವರದಿಯಾಯ್ತು, ಸಂಬಳದ ವರದಿಗಾರರು ಬಂದರು, ಭಾಷಣಗಳು 'ನಾನು' ಅಂತ, ಆಡಿದ ಕಾಲದಲ್ಲೇ ಅಚ್ಚಾಗತೊಡಗಿದವು.

ನಾನೂ ಈಗ ಹಾಗೇ ಬರೀತೀನಿ: 'ಕ್ಲೈಂಟ್ ಸೇಸ್ ದ ಸರ್ವರ್ ಈಸ್ ಡೌನ್.' ಆದ್ರೆ ಕಳಿಸೋ ಮುಂಚೆ ಒಂದು ಸಲ ಪಿಂಗ್ ಮಾಡಿ ನೋಡ್ತೀನಿ.