ಹೆಸರು ಒಂದೇ, ದಾರಿ ಮೂರು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವುದಾದರೊಂದು ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುತ್ತಿದ್ದಾರೆ ಎಂದುಕೊಳ್ಳಿ. ದಾವೂದ್ ಎಂದಾಗ ಒಬ್ಬ ಹುಡುಗ ಎದ್ದು ನಿಲ್ಲುತ್ತಾನೆ. ಡೇವಿಡ್ ಎಂದಾಗ ಇನ್ನೊಬ್ಬ. ಒಬ್ಬ ಶುಕ್ರವಾರ ಮಸೀದಿಗೆ ಹೋಗುವ ಮನೆಯವನು, ಇನ್ನೊಬ್ಬ ಭಾನುವಾರ ಚರ್ಚಿಗೆ ಹೋಗುವ ಮನೆಯವನು. ಇಬ್ಬರದೂ ಒಂದೇ ಹೆಸರು ಎಂಬುದು ಮೇಷ್ಟ್ರಿಗೂ ಹೊಳೆದಿರಲಾರದು. ಇಬ್ರಾಹಿಂ ಮತ್ತು ಅಬ್ರಹಾಂ, ಯೂಸುಫ್ ಮತ್ತು ಜೋಸೆಫ್, ಯಾಕೂಬ್ ಮತ್ತು ಜೇಕಬ್, ಮರಿಯಂ ಮತ್ತು ಮೇರಿ ಇವೂ ಹಾಗೆಯೇ. ಉಚ್ಚಾರ ಬೇರೆ, ಮೂಲ ಒಂದೇ. ಆ ಮೂಲ ಇರುವುದು ನಮ್ಮ ಸೀಮೆಯಲ್ಲಿ ಯಾರೂ ಕಾಣದ ಮೂರನೆಯ ಸಮುದಾಯವೊಂದರಲ್ಲಿ. ಅವರೇ ಯೆಹೂದ್ಯರು.

ಯೆಹೂದ್ಯ, ಕ್ರೈಸ್ತ, ಇಸ್ಲಾಂ ಈ ಮೂರು ಧರ್ಮಗಳು ಒಂದೇ ಮನೆತನದಿಂದ ಕವಲೊಡೆದವು ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಓದಿ ಮರೆಯುವುದುಂಟು. ಆದರೆ ಆ ನೆಂಟಸ್ತಿಕೆಯೇ ಒಮ್ಮೆ ಕನ್ನಡ ನೆಲದಲ್ಲಿ ಕೆಲವರ ತಲೆ ಉಳಿಸಿತು ಎನ್ನುವ ಕಥೆಯೊಂದಿದೆ. ಆ ಕಥೆಯ ಜಾಡು ಅಜ್ಜಂಪುರದಿಂದಲೇ ಹಿಡಿಯಬಹುದು.

ಸೆರೆಯಾಳುಗಳ ಕಥೆ

ಅಜ್ಜಂಪುರ ಎಂದರೆ ನೆನಪಾಗುವುದು ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ರಾಸುಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್ ಮತ್ತು ಟಿಪ್ಪುವಿನ ಸೇನೆ ವೇಗವಾಗಿ ಚಲಿಸುತ್ತಿದ್ದುದಕ್ಕೆ ಈ ಎತ್ತುಗಳೂ ಒಂದು ಕಾರಣ. ಇಂಗ್ಲಿಷರೊಡನೆ ನಡೆದ ಎರಡನೇ ಮೈಸೂರು ಯುದ್ಧದಲ್ಲಿ (1780-84) ಬೊಂಬಾಯಿಯಿಂದ ಬಂದ ಕಂಪನಿ ಸೇನೆ 1783ರಲ್ಲಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಶರಣಾಯಿತು.

ಈ ಯುದ್ಧದಲ್ಲಿ ಮೈಸೂರಿನವರಿಗೆ ಸೆರೆಸಿಕ್ಕವರಲ್ಲಿ ಕೊಂಕಣ ಸೀಮೆಯ ಮರಾಠಿ ಮಾತನಾಡುವ ಯೆಹೂದ್ಯ ಸೈನಿಕರಿದ್ದರು. ಇವರಿಗೆ ಬೆನೆ ಇಸ್ರೇಲ್ ಎಂದು ಹೆಸರು. ಅವರಲ್ಲೊಬ್ಬ ಅಧಿಕಾರಿ ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್. ಆ ಸಮುದಾಯದಲ್ಲಿ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ: ಸೆರೆಯಾಳುಗಳನ್ನು ನಿಮ್ಮದು ಯಾವ ಜಾತಿ ಎಂದು ಕೇಳಿದಾಗ ಇವರು ಬನಿ ಇಸ್ರಾಯಿಲ್ ಎಂದರು. ಆ ಮಾತು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರ್‌ಆನ್‌ನಲ್ಲಿ ಮತ್ತೆ ಮತ್ತೆ ಬರುವ ಈ ಹೆಸರಿನ ಜನರನ್ನು ಕಣ್ಣಾರೆ ಕಂಡದ್ದು ಇದೇ ಮೊದಲೆಂದು ಆಕೆ ಬೆರಗಾಗಿ, ಇವರನ್ನು ಕೊಲ್ಲಬೇಡವೆಂದು ಮಗನನ್ನು ಕೇಳಿಕೊಂಡರು.

ಇದು ದಾಖಲೆಯ ಮಾತಲ್ಲ, ಪರಂಪರೆಯ ಮಾತು. ಆದರೆ ಅದರೊಳಗಿನ ತರ್ಕ ಗಟ್ಟಿಯಾದದ್ದು. ಬನಿ ಇಸ್ರಾಯಿಲ್ ಎಂದರೆ ಇಸ್ರಾಯೇಲನ ಮಕ್ಕಳು. ಇಸ್ರಾಯೇಲ ಎಂಬುದು ಅಬ್ರಹಾಮನ ಮೊಮ್ಮಗ ಯಾಕೋಬನ ಇನ್ನೊಂದು ಹೆಸರು. ಕುರ್‌ಆನ್‌ನ 17ನೇ ಅಧ್ಯಾಯಕ್ಕೆ ಬನೀ ಇಸ್ರಾಯೀಲ್ ಎಂಬ ಹೆಸರೂ ಇದೆ.

ಮೂವರೂ ಒಪ್ಪುವುದು

ಹಾಗಾದರೆ ಈ ಮೂವರೂ ಒಪ್ಪುವುದು ಏನನ್ನು? ದೇವರು ಒಬ್ಬನೇ. ಜಗತ್ತನ್ನು ಸೃಷ್ಟಿಸಿದವನು ಅವನೇ. ತನ್ನ ಇಚ್ಛೆಯನ್ನು ಆತ ಪ್ರವಾದಿಗಳ ಮೂಲಕ ಮನುಷ್ಯರಿಗೆ ತಿಳಿಸುತ್ತಾನೆ. ಒಳ್ಳೆಯದು ಕೆಟ್ಟದ್ದಕ್ಕೆ ಮನುಷ್ಯ ಲೆಕ್ಕ ಕೊಡಬೇಕು. ಆದಾಮ, ನೋಹ, ಅಬ್ರಹಾಮ, ಮೋಶೆ, ದಾವೀದ ಮೂವರಿಗೂ ಹಿರಿಯರು. ಬಡವರಿಗೆ ದಾನ, ಉಪವಾಸ, ಪ್ರಾರ್ಥನೆ ಮೂರರಲ್ಲೂ ಇವೆ. ಅಲ್ಲಾಹ್ ಎಂಬುದು ಮುಸ್ಲಿಮರ ದೇವರ ಹೆಸರು ಎಂದು ನಾವು ತಿಳಿದಿರುತ್ತೇವೆ. ಅರಬ್ಬಿ ಮಾತನಾಡುವ ಕ್ರೈಸ್ತರೂ ದೇವರನ್ನು ಕರೆಯುವುದು ಇದೇ ಪದದಿಂದ.

ಮಾಂಸ, ಸುನ್ನತಿಗಳ ವಿಷಯದಲ್ಲಿ ಯೆಹೂದ್ಯರೂ ಮುಸ್ಲಿಮರೂ ಇನ್ನಷ್ಟು ಹತ್ತಿರ. ಹಂದಿ ಇಬ್ಬರಿಗೂ ವರ್ಜ್ಯ. ಆದರೆ ಮಾಂಸದೊಡನೆ ಹಾಲು ಬೆರೆಸಬಾರದೆಂಬ ಕಟ್ಟು ಯೆಹೂದ್ಯರಲ್ಲಿ ಮಾತ್ರ.

ಅಗಲುವುದು ಎಲ್ಲಿ?

ಮೊದಲ ಅಗಲಿಕೆ ಅಬ್ರಹಾಮನ ಮನೆಯೊಳಗೇ ಇದೆ. ಬಕ್ರೀದ್ ಹಬ್ಬದ ಹಿಂದಿನ ಕಥೆ ನಮಗೆ ಗೊತ್ತು. ದೇವರ ಆಜ್ಞೆಯಂತೆ ತಂದೆ ಮಗನನ್ನೇ ಬಲಿಕೊಡಲು ಮುಂದಾಗುತ್ತಾನೆ, ಕೊನೆಯ ಗಳಿಗೆಯಲ್ಲಿ ಮಗನ ಬದಲು ಟಗರು ಬರುತ್ತದೆ. ಆ ಮಗ ಇಸಾಕ ಎನ್ನುತ್ತದೆ ಯೆಹೂದ್ಯರ ಗ್ರಂಥ. ಯೆಹೂದ್ಯರು ತಮ್ಮನ್ನು ಇಸಾಕನ ವಂಶದವರೆಂದು ಎಣಿಸುತ್ತಾರೆ. ಕುರ್‌ಆನ್ ಆ ಮಗನ ಹೆಸರು ಹೇಳುವುದಿಲ್ಲ. ಆದರೆ ಬಹುಪಾಲು ಮುಸ್ಲಿಮರ ನಂಬಿಕೆಯಂತೆ ಆತ ಇಸ್ಮಾಯಿಲ್. ಪ್ರವಾದಿ ಮುಹಮ್ಮದರು ಆತನ ವಂಶದವರು. ಕ್ರೈಸ್ತರು ಇಸಾಕನ ಹೆಸರನ್ನೇ ಒಪ್ಪಿದರೂ ಈ ಘಟನೆಯಲ್ಲಿ ಮುಂದೆ ಬರಲಿದ್ದ ಯೇಸುವಿನ ಬಲಿದಾನದ ಮುನ್ಸೂಚನೆ ಕಾಣುತ್ತಾರೆ. ಕಥೆ ಒಂದು, ಓದು ಮೂರು.

ಎರಡನೆಯದು, ಎಲ್ಲಕ್ಕಿಂತ ದೊಡ್ಡದು, ಯೇಸು ಯಾರು ಎಂಬ ಪ್ರಶ್ನೆ. ಕ್ರೈಸ್ತರಿಗೆ ಆತ ದೇವರ ಮಗ, ಮನುಷ್ಯರ ಪಾಪಕ್ಕಾಗಿ ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದುಬಂದವನು. ತಂದೆ, ಮಗ, ಪವಿತ್ರಾತ್ಮ ಮೂರಾದರೂ ದೇವರು ಒಬ್ಬನೇ ಎಂಬುದು ಅವರ ತ್ರಿತ್ವದ ಸಿದ್ಧಾಂತ. ಮಗನೂ ತಂದೆಯೂ ತತ್ವದಲ್ಲಿ ಒಂದೇ ಎಂದು ಕ್ರೈಸ್ತ ಗುರುಗಳು ಕ್ರಿ.ಶ. 325ರಲ್ಲಿ ನಿಸಿಯಾ ನಗರದ ಸಭೆಯಲ್ಲಿ ಸಾರಿದರು. ಯೆಹೂದ್ಯರು ಯೇಸುವನ್ನು ದೇವರೆಂದಾಗಲಿ ಮೆಸ್ಸೀಯನೆಂದಾಗಲಿ ಒಪ್ಪಲಿಲ್ಲ. ಅವರ ಸಂಪ್ರದಾಯದಂತೆ ಮೆಸ್ಸೀಯ ಇನ್ನೂ ಬರಬೇಕಾಗಿದೆ.

ಮುಸ್ಲಿಮರ ನಿಲುವು ಇವೆರಡರ ನಡುವಿನದು ಎನ್ನಬಹುದು. ಅವರಿಗೆ ಯೇಸು ಈಸಾ ಎಂಬ ಹೆಸರಿನ ದೊಡ್ಡ ಪ್ರವಾದಿ, ಕನ್ಯೆ ಮರಿಯಮ್ಮನ ಮಗ. ಕುರ್‌ಆನ್‌ನ 19ನೇ ಅಧ್ಯಾಯಕ್ಕೆ ಆ ತಾಯಿಯದೇ ಹೆಸರು. ಆದರೆ ದೇವರಿಗೆ ಮಗನಿಲ್ಲ, ಯೇಸುವನ್ನು ಶಿಲುಬೆಗೇರಿಸಿ ಕೊಲ್ಲಲಾಗಲಿಲ್ಲ ಎಂದು ಕುರ್‌ಆನ್ ಹೇಳುತ್ತದೆ. ಯೇಸುವಿನ ಶಿಲುಬೆ ಮರಣವೇ ಬುನಾದಿಯಾಗಿರುವ ಕ್ರೈಸ್ತ ನಂಬಿಕೆಗೂ ಇದಕ್ಕೂ ರಾಜಿ ಸಾಧ್ಯವಿಲ್ಲ.

ಮೂರನೆಯ ಪ್ರಶ್ನೆ, ದೇವರ ಕೊನೆಯ ಮಾತು ಯಾವುದು? ಯೆಹೂದ್ಯರಿಗೆ ಮೋಶೆಯ ಮೂಲಕ ಬಂದ ತೋರಾ. ಕ್ರೈಸ್ತರು ಯೆಹೂದ್ಯರ ಗ್ರಂಥವನ್ನು ಹಳೆಯ ಒಡಂಬಡಿಕೆ ಎಂದು ಉಳಿಸಿಕೊಂಡು, ಹೊಸ ಒಡಂಬಡಿಕೆಯನ್ನು ಸೇರಿಸಿದರು. 1831ರಲ್ಲಿ ಬಳ್ಳಾರಿಯಲ್ಲಿ ಮುದ್ರಣಗೊಂಡ ಪೂರ್ಣ ಕನ್ನಡ ಬೈಬಲ್ಲಿನಲ್ಲಿ ಎರಡೂ ಇದ್ದವು. ಅಂದರೆ ಯೆಹೂದ್ಯರ ಗ್ರಂಥ ಕನ್ನಡಿಗರ ಕೈಸೇರಿದ್ದು ಕ್ರೈಸ್ತರ ಮೂಲಕ. ಮುಸ್ಲಿಮರು ತೌರಾತ್, ಇಂಜೀಲ್‌ಗಳೂ ಮೂಲದಲ್ಲಿ ದೇವರಿಂದ ಬಂದವೆಂದು ಒಪ್ಪುತ್ತಾರೆ. ಆದರೆ ಕೊನೆಯ ಗ್ರಂಥ ಕುರ್‌ಆನ್, ಕೊನೆಯ ಪ್ರವಾದಿ ಮುಹಮ್ಮದರು ಎನ್ನುತ್ತಾರೆ. ಮೊದಲಿನವರನ್ನು ಅವರು ಗ್ರಂಥದವರು ಎಂದು ಕರೆಯುವುದು ಇದೇ ಕಾರಣಕ್ಕೆ.

ವಾರದ ದಿನವೂ ಹಂಚಿಹೋಗಿದೆ. ಮುಸ್ಲಿಮರ ಸಾಮೂಹಿಕ ಪ್ರಾರ್ಥನೆ ಶುಕ್ರವಾರ. ಅಂದು ಸಂಜೆಯಿಂದ ಶನಿವಾರ ಸಂಜೆಯವರೆಗೆ ಯೆಹೂದ್ಯರ ಸಬ್ಬತ್. ಯೇಸು ಮರಳಿ ಎದ್ದ ದಿನವೆಂದು ಕ್ರೈಸ್ತರಿಗೆ ಭಾನುವಾರ. ದಿವೇಕರರ ಪೂರ್ವಿಕರು ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದವರು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದೇ ಗುರುತಿಸುತ್ತಿದ್ದರು.

ಕನ್ನಡ ನಾಡಿನ ನೆನಪು

ಯೆಹೂದ್ಯರು ನಮ್ಮ ನಾಡಿಗೆ ತೀರ ಅಪರಿಚಿತರೇನಲ್ಲ. ಉತ್ತರ ಆಫ್ರಿಕಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅವನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಯೆಹೂದ್ಯರಲ್ಲಿ ದೇವರ ಹೆಸರಿರುವ ಕಾಗದವನ್ನು ಎಸೆಯುವಂತಿಲ್ಲ. ಹೀಗಾಗಿ ಕೈರೊದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಅವನ ಪತ್ರಗಳು ಶತಮಾನಗಳ ಕಾಲ ಉಳಿದವು. ಅವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಬೆಂಗಳೂರಿನ ಯೆಹೂದ್ಯರ ಸ್ಮಶಾನಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ನೆಂಟಸ್ತಿಕೆಯೊಂದೇ ಯಾವಾಗಲೂ ಕಾಯುತ್ತದೆ ಎನ್ನುವಂತಿಲ್ಲ. ಅದೇ ಯುದ್ಧದ ಕೊನೆಗೆ, 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅನೇಕರು. ಅವರೂ ಗ್ರಂಥದವರೇ. ಈಸಾ ಮರಿಯಮ್ಮರ ಹೆಸರು ಎರಡೂ ಕಡೆಯವರಿಗೆ ಪೂಜ್ಯವಾಗಿತ್ತು. ರಾಜಕೀಯದ ಅನುಮಾನ ಬಂದಾಗ ಆ ಹೆಸರುಗಳನ್ನು ಯಾರೂ ನೆನೆಯಲಿಲ್ಲ. ದಿವೇಕರರ ಕಥೆಗೂ ಇದಕ್ಕೂ ಇರುವ ಅಂತರ ನಂಬಿಕೆಯದಲ್ಲ, ಆ ಹೊತ್ತಿನಲ್ಲಿ ನೆನೆದು ತಡೆದವರೊಬ್ಬರು ಇದ್ದರೋ ಇಲ್ಲವೋ ಎಂಬುದು.

ಬಿಡುಗಡೆಯಾಗಿ ಊರಿಗೆ ಮರಳಿದ ದಿವೇಕರ್ 1796ರಲ್ಲಿ ಬೊಂಬಾಯಿಯಲ್ಲಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿಸಿದರು. ಆ ನಗರದ ಮೊದಲ ಯೆಹೂದ್ಯ ಮಂದಿರ ಅದು. ಅದರ ಹೀಬ್ರೂ ಹೆಸರಿನ ಅರ್ಥ ಕರುಣೆಯ ಬಾಗಿಲು. ಸುತ್ತಲಿನ ಜನರಿಗೆ ಮಾತ್ರ ಅದು ಜೂನಿ ಮಸೀದಿ, ಹಳೆಯ ಮಸೀದಿ. ಹತ್ತಿರದ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎಂಬ ಪ್ರತೀತಿಯಿದೆ.

ನಮ್ಮ ಶಾಲೆಯ ದಾವೂದ್ ಮತ್ತು ಡೇವಿಡ್ ಮುಂದೆ ಯಾವತ್ತಾದರೂ ಮುಂಬಯಿಗೆ ಹೋಗಿ ಆ ನಿಲ್ದಾಣದಲ್ಲಿ ಇಳಿದರೆ, ತಮ್ಮ ಹೆಸರಿನ ಮೂರನೆಯ ಮನೆ ಅಲ್ಲೇ ಹತ್ತಿರದ ಬೀದಿಯಲ್ಲಿದೆ ಎಂಬುದು ಅವರಿಗೆ ತಿಳಿದಿರಲಿ.