ಗಿಟಾರ್ ತಂತಿ: ನಾದಕ್ಕೆ ತಕ್ಕ ಆಯ್ಕೆಯ ಇತಿಹಾಸ

ಅಕೂಸ್ಟಿಕ್ ಗಿಟಾರ್ ವಿದ್ಯುತ್ತಿನ ನೆರವಿಲ್ಲದೆ ಮರದ ಒಡಲಿನಿಂದಲೇ ನಾದ ಹೊಮ್ಮಿಸುವ ವಾದ್ಯ. ಬೆರಳಿನಿಂದಲೋ ಪಿಕ್‌ನಿಂದಲೋ ಮೀಟಿದಾಗ ತಂತಿಯ ಕಂಪನ ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿದು, ಒಡಲಿನೊಳಗಿನ ಗಾಳಿಯನ್ನೂ ಅಲುಗಿಸಿ ಕಿವಿಗೆ ಮುಟ್ಟುತ್ತದೆ. ತಂತಿ ಯಾವುದರಿಂದ ಮಾಡಿದ್ದು, ಎಷ್ಟು ದಪ್ಪ, ಎಷ್ಟು ಬಿಗಿ, ಅದರ ಮೇಲಿನ ಸುತ್ತು ಯಾವ ಲೋಹದ್ದು ಎಂಬುದರ ಮೇಲೆ ಆ ನಾದದ ಗುಣ ಬಹುಮಟ್ಟಿಗೆ ನಿಂತಿದೆ. ಕುರಿಯ ಕರುಳಿನಿಂದ ಲೇಪನವುಳ್ಳ ಕಂಚಿನವರೆಗೆ ಸಾಗಿದ ಈ ತಂತಿಗಳ ಇತಿಹಾಸದಲ್ಲಿ ಒಂದು ಸಂಗತಿ ಉದ್ದಕ್ಕೂ ಕಾಣುತ್ತದೆ. ಹೊಸ ತಂತಿ ಬಂದಾಗಲೆಲ್ಲ ವಾದ್ಯದ ಒಡಲು ಅದಕ್ಕೆ ತಕ್ಕಂತೆ ಬದಲಾಗಿದೆ. ಒಡಲು ಬದಲಾದಾಗ ಬೇರೆ ತಂತಿಯ ಅಗತ್ಯ ಹುಟ್ಟಿದೆ. ಹಾಗಾಗಿ ತಂತಿಯ ಆಯ್ಕೆಯೆಂದರೆ ವಾದ್ಯ ನಿರ್ಮಾಣದ ಕೊನೆಯ ಹಂತ. ಅದು ನಡೆಯುವುದು ವಾದಕನ ಕೈಯಲ್ಲಿ.

ತಂತಿ ಮತ್ತು ಶ್ರುತಿ

ತಂತಿಯ ಶ್ರುತಿ ಯಾವುದನ್ನು ಅವಲಂಬಿಸಿದೆ ಎಂಬುದನ್ನು ಫ್ರೆಂಚ್ ಪಾದ್ರಿ ಹಾಗೂ ಗಣಿತಜ್ಞ ಮೆರ್ಸೆನ್ 1636ರಲ್ಲಿ ಪ್ರಕಟವಾದ ತನ್ನ ಸಂಗೀತಶಾಸ್ತ್ರ ಗ್ರಂಥದಲ್ಲಿ ನಿಯಮಗಳಾಗಿ ನಿರೂಪಿಸಿದ. ತಂತಿಯ ಉದ್ದ ಅರ್ಧವಾದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ. ಉದ್ದವನ್ನು ಹಾಗೆಯೇ ಇಟ್ಟು ಒಂದು ಸ್ಥಾಯಿ ಏರಿಸಬೇಕಾದರೆ ಬಿಗಿತವನ್ನು ನಾಲ್ಕು ಪಟ್ಟು ಮಾಡಬೇಕು. ತಂತಿ ಭಾರವಾದಷ್ಟೂ ಶ್ರುತಿ ಇಳಿಯುತ್ತದೆ.

ಗಿಟಾರಿನ ಆರು ತಂತಿಗಳ ಉದ್ದ ಒಂದೇ, ಸುಮಾರು 65 ಸೆಂಟಿಮೀಟರ್. ಆದರೆ ಬಿಟ್ಟ ತಂತಿಗಳ ಶ್ರುತಿ ಆರನೆಯದರಲ್ಲಿ 82.4 ಹರ್ಟ್ಸ್, ಮೊದಲನೆಯದರಲ್ಲಿ 329.6 ಹರ್ಟ್ಸ್, ಸರಿಯಾಗಿ ಎರಡು ಸ್ಥಾಯಿಗಳ ಅಂತರ. ಒಂದೇ ವಸ್ತುವಿನಿಂದ, ಒಂದೇ ಬಿಗಿತದಲ್ಲಿ ಎಲ್ಲ ತಂತಿಗಳನ್ನೂ ಮಾಡಿದರೆ ಆರನೆಯದು ಮೊದಲನೆಯದರ ನಾಲ್ಕು ಪಟ್ಟು ದಪ್ಪವಿರಬೇಕಾಗುತ್ತದೆ. ಅಷ್ಟು ದಪ್ಪದ ತಂತಿ ಬಳುಕುವುದಿಲ್ಲ. ಅದರ ಮೇಲಿನ ಉಪಸ್ವರಗಳು ತಮ್ಮ ಸ್ಥಾನ ಬಿಟ್ಟು ಏರುತ್ತವೆ, ಬೇಗ ಅಡಗುತ್ತವೆ, ನಾದ ಮಂಕಾಗುತ್ತದೆ. ಬಳುಕು ಕೆಡದಂತೆ ಭಾರ ಹೆಚ್ಚಿಸುವುದು ಹೇಗೆ ಎಂಬ ಪ್ರಶ್ನೆಯೇ ತಂತಿ ತಯಾರಕರನ್ನು ಮೂರೂವರೆ ಶತಮಾನ ಕಾಲ ದುಡಿಸಿದೆ.

ಕರುಳಿನ ತಂತಿಯ ಕಾಲ

ಗಿಟಾರಿನ ಮೊದಲ ತಂತಿಗಳು ಕುರಿಯ ಕರುಳಿನವು. ಕರುಳನ್ನು ಕ್ಷಾರದ ನೀರಿನಲ್ಲಿ ತೊಳೆದು, ಹಸಿಯಿರುವಾಗಲೇ ಹುರಿಮಾಡಿ, ಎಳೆದು ಒಣಗಿಸಿ ನಯಗೊಳಿಸುತ್ತಿದ್ದರು. ಇಟಲಿಯ ರೋಮ್, ನೇಪಲ್ಸ್ ಮತ್ತು ಅಬ್ರುಝೊ ಸೀಮೆಯ ಸಾಲೆ ಎಂಬ ಊರು ಈ ಕಸುಬಿಗೆ ಹೆಸರಾಗಿದ್ದವು. ಕರುಳಿನ ನಾದ ಮೆತ್ತಗೆ, ತುಂಬಿಕೊಂಡು ಬರುತ್ತದೆ. ಮಾತಿನ ಉಚ್ಚಾರಕ್ಕೆ ಹತ್ತಿರವಾದ ಒಂದು ಸ್ಪಷ್ಟತೆ ಅದಕ್ಕಿದೆ. ಆದರೆ ಗಾಳಿಯ ತೇವಕ್ಕೆ ಶ್ರುತಿ ತಪ್ಪುತ್ತದೆ, ಬೆರಳಿನ ಉಜ್ಜಿಗೆ ಎಳೆ ಏಳುತ್ತದೆ, ಹೇಳದೆ ಕೇಳದೆ ಹರಿಯುತ್ತದೆ.

ಬರಿಯ ಕರುಳಿನಿಂದ ಒಳ್ಳೆಯ ಮಂದ್ರ ಸ್ವರ ಹೊರಡಿಸುವುದು ಕಷ್ಟವಾಗಿತ್ತು. 17ನೇ ಶತಮಾನದ ನಡುಭಾಗದಲ್ಲಿ ಕರುಳು ಅಥವಾ ರೇಷ್ಮೆಯ ಮೇಲೆ ಸಣ್ಣ ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತುವ ಉಪಾಯ ಬಂತು. ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫೋರ್ಡ್ 1664ರಲ್ಲೇ ಇಂಥ ತಂತಿಗಳ ಬಗ್ಗೆ ಜಾಹೀರಾತು ಹಾಕಿದ್ದ. ಒಳಗಿನ ಎಳೆ ಬಿಗಿತವನ್ನು ಹೊರುತ್ತದೆ, ಹೊರಗಿನ ಸುತ್ತು ಭಾರ ಕೊಡುತ್ತದೆ, ಬಳುಕು ಉಳಿಯುತ್ತದೆ. ಇಂದಿಗೂ ಗಿಟಾರಿನ ಮಂದ್ರ ತಂತಿಗಳೆಲ್ಲ ಇದೇ ತತ್ವದ ಮೇಲಿವೆ. ಇಂದಿನ ವೀಣೆಯಲ್ಲಿಯೂ ಸಾರಣಿಗೆ ಬರಿಯ ಉಕ್ಕಿನ ತಂತಿ, ಮಂದ್ರ ಅನುಮಂದ್ರಗಳಿಗೆ ಸುತ್ತು ತಂತಿ ಹೂಡುವುದರ ಹಿಂದಿರುವ ಕಾರಣವೂ ಇದೇ.

ಸುತ್ತು ತಂತಿ ಗಿಟಾರಿನ ರೂಪವನ್ನೇ ಬದಲಿಸಿತು. ಬರೋಕ್ ಕಾಲದ ಗಿಟಾರಿನಲ್ಲಿ ಐದು ಜೋಡಿ ತಂತಿಗಳಿದ್ದವು. ಗಟ್ಟಿಯಾದ ಮಂದ್ರ ಸ್ವರ ಕೈಗೆಟುಕಿದ ಮೇಲೆ ಜೋಡಿಗಳ ಅಗತ್ಯ ಕಡಿಮೆಯಾಗಿ, 18ನೇ ಶತಮಾನದ ಕೊನೆಯ ಹೊತ್ತಿಗೆ ಆರು ಒಂಟಿ ತಂತಿಗಳ ವಾದ್ಯ ನೆಲೆಗೊಂಡಿತು. ಮೇಲಿನ ಮೂರು ಕರುಳು. ಕೆಳಗಿನ ಮೂರು ರೇಷ್ಮೆಯ ಮೇಲೆ ಬೆಳ್ಳಿಲೇಪದ ತಾಮ್ರದ ಸುತ್ತು. ಸ್ಪೇನಿನ ಅಂತೋನಿಯೊ ದ ತೊರೆಸ್ (1817–1892) ದೊಡ್ಡ ಒಡಲು, ತೆಳುವಾದ ಮೇಲ್ಹಲಗೆ, ಅದರಡಿ ಬೀಸಣಿಗೆಯಂತೆ ಹರಡಿದ ಒಳಪಟ್ಟಿಗಳನ್ನು ರೂಢಿಗೆ ತಂದು ಶಾಸ್ತ್ರೀಯ ಗಿಟಾರಿಗೆ ಇಂದಿನ ಆಕಾರ ಕೊಟ್ಟದ್ದು ಈ ತಂತಿಗಳ ಹಗುರ ಬಿಗಿತವನ್ನು ಲೆಕ್ಕಕ್ಕೆ ತೆಗೆದುಕೊಂಡೇ.

ಉಕ್ಕಿನ ಆಗಮನ

19ನೇ ಶತಮಾನದಲ್ಲಿ ಪಿಯಾನೊ ತಯಾರಿಕೆಗಾಗಿ ಇಂಗ್ಲೆಂಡ್ ಮತ್ತು ಜರ್ಮನಿಯಲ್ಲಿ ಹೆಚ್ಚು ಇಂಗಾಲವುಳ್ಳ, ಬಲವಾದ ಉಕ್ಕಿನ ತಂತಿ ತಯಾರಾಗತೊಡಗಿತು. ಅದು ಬ್ಯಾಂಜೊ, ಮ್ಯಾಂಡೊಲಿನ್‌ಗಳ ದಾರಿಯಿಂದ ಗಿಟಾರಿಗೂ ಬಂತು. ಉಕ್ಕು ಅಗ್ಗ, ಬಾಳಿಕೆಯದು, ಗಟ್ಟಿ ದನಿಯದು. ಅಮೆರಿಕದ ಜನಪದ ಹಾಡುಗಾರರಿಗೆ, ಕುಣಿತದ ಮೇಳಗಳಿಗೆ ಬೇಕಾದದ್ದು ಅದೇ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ ಹವಾಯಿ ದ್ವೀಪದ ಕಲಾವಿದರು ಉಕ್ಕಿನ ತಂತಿಯ ಮೇಲೆ ಲೋಹದ ಸರಳು ಜಾರಿಸಿ ನುಡಿಸಿದ ಸಂಗೀತಕ್ಕೆ ಅಮೆರಿಕ ಮರುಳಾಯಿತು. ಆಮೇಲೆ ಉಕ್ಕಿನ ತಂತಿಯ ಬೇಡಿಕೆ ಹಿಂದೆ ಸರಿಯಲಿಲ್ಲ.

ಕರುಳಿಗಾಗಿ ಕಟ್ಟಿದ ಒಡಲಿಗೆ ಉಕ್ಕು ಹೂಡಿದರೆ ಮೇಲ್ಹಲಗೆ ಉಬ್ಬುತ್ತದೆ, ಕುದುರೆ ಕಿತ್ತು ಬರುತ್ತದೆ, ಕತ್ತು ಬಾಗುತ್ತದೆ. ಜರ್ಮನಿಯ ಮಾರ್ಕ್‌ನ್ಯೂಕಿರ್ಖನ್‌ನಿಂದ 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1840ರ ದಶಕದಲ್ಲಿ ಮೇಲ್ಹಲಗೆಯಡಿ ಕತ್ತರಿಯಾಕಾರದ ಒಳಪಟ್ಟಿಗಳನ್ನು ಬಳಸತೊಡಗಿದ್ದ. ಅವನು ಅದನ್ನು ಮಾಡಿದ್ದು ಕರುಳಿನ ತಂತಿಗಾಗಿ. ಅರ್ಧ ಶತಮಾನ ಕಳೆದ ಮೇಲೆ ಉಕ್ಕಿನ ಎಳೆತವನ್ನು ತಾಳಬಲ್ಲ ಕಟ್ಟಡ ಅದೇ ಎಂದು ತಿಳಿಯಿತು. ಶಿಕಾಗೊದ ಲಾರ್ಸನ್ ಸಹೋದರರು ಪದರಪದರಾಗಿ ಅಂಟಿಸಿದ ಒಳಪಟ್ಟಿಗೆ 1904ರಲ್ಲಿ ಪೇಟೆಂಟ್ ಪಡೆದು ಉಕ್ಕಿಗೆಂದೇ ವಾದ್ಯ ಕಟ್ಟಿದರು. ಮಾರ್ಟಿನ್ ಕಂಪನಿ 1922ರಿಂದ ಉಕ್ಕಿನ ತಂತಿಯ ಮಾದರಿಗಳನ್ನು ನಿಯಮಿತವಾಗಿ ತಯಾರಿಸಿತು. ಕತ್ತಿನೊಳಗೆ ಹೊಂದಿಸಬಹುದಾದ ಉಕ್ಕಿನ ಸರಳು ಕೂರಿಸುವ ವಿಧಾನಕ್ಕೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. 1931ರಲ್ಲಿ ಮಾರ್ಟಿನ್ ತನ್ನದೇ ಹೆಸರಿನಲ್ಲಿ ಹೊರತಂದ ಅಗಲ ಸೊಂಟದ ದೊಡ್ಡ ಗಿಟಾರ್ 'ಡ್ರೆಡ್‌ನಾಟ್' ಇಂದಿಗೂ ಅತಿ ಪರಿಚಿತ ಆಕಾರ.

ತಂತಿ ಮತ್ತು ಒಡಲಿನ ಈ ಕೊಡುಕೊಳ್ಳುವಿಕೆಗೆ ಸ್ಪಷ್ಟ ನಿದರ್ಶನ 1944ರದು. ಅದುವರೆಗೆ ಮಾರ್ಟಿನ್ ಗಿಟಾರಿನ ಒಳಪಟ್ಟಿಗಳನ್ನು ಕೆತ್ತಿ ತೆಳುಮಾಡುತ್ತಿದ್ದರು. ಮೇಲ್ಹಲಗೆ ಸಲೀಸಾಗಿ ಕಂಪಿಸುತ್ತಿತ್ತು. ವಾದಕರು ತೀರ ದಪ್ಪದ ತಂತಿ ಹೂಡತೊಡಗಿ ಹಲಗೆಗಳು ಹಾಳಾಗುತ್ತಿದ್ದುದರಿಂದ ಕಂಪನಿ ಆ ಕೆತ್ತನೆಯನ್ನು ನಿಲ್ಲಿಸಿತು. ಹಳೆಯ ವಾದ್ಯಗಳ ತೆರೆದ ನಾದಕ್ಕೆ ಜನ ಹಂಬಲಿಸಿದಾಗ 1976ರ ಎಚ್‌ಡಿ-28 ಮಾದರಿಯಲ್ಲಿ ಅದು ಮರಳಿತು.

ಸುತ್ತಿನ ಲೋಹಗಳು

ಉಕ್ಕಿನ ಗಿಟಾರಿನಲ್ಲಿ ಮೊದಲ ಎರಡು ತಂತಿಗಳು ಸಾಮಾನ್ಯವಾಗಿ ಬರಿಯ ಉಕ್ಕು. ಉಳಿದ ನಾಲ್ಕರಲ್ಲಿ ಉಕ್ಕಿನ ತಿರುಳಿನ ಮೇಲೆ ಬೇರೆ ಲೋಹದ ಸುತ್ತು. ಕೊಳ್ಳುವವರು ಮುಖ್ಯವಾಗಿ ಆರಿಸುವುದು ಈ ಸುತ್ತನ್ನು.

1930ರ ದಶಕದಲ್ಲಿ ಬಳಕೆಗೆ ಬಂದ 80/20 ಬ್ರಾಂಜ್‌ನಲ್ಲಿ 80 ಪಾಲು ತಾಮ್ರ, 20 ಪಾಲು ಸತು. ಬ್ರಾಂಜ್ ಎಂದು ಕರೆದರೂ ಲೋಹವಿದ್ಯೆಯ ಪ್ರಕಾರ ಅದು ಹಿತ್ತಾಳೆ. ಹೊಸದರಲ್ಲಿ ಅದರ ನಾದ ಚುರುಕು, ಹೊಳಪು. ಮೇಲಿನ ಉಪಸ್ವರಗಳು ಎದ್ದು ಕೇಳುತ್ತವೆ. ಬೆವರು ತಾಗಿದರೆ ಬೇಗ ಕಪ್ಪಾಗಿ ಆ ಹೊಳಪು ಕಳೆಯುತ್ತದೆ. 1974ರಲ್ಲಿ ಡಡಾರಿಯೊ ಕಂಪನಿ ಫಾಸ್ಫರ್ ಬ್ರಾಂಜ್ ತಂತಿಗಳನ್ನು ತಂದಿತು. ಸಾಲೆಯಲ್ಲಿ ಕರುಳಿನ ತಂತಿ ಮಾಡುತ್ತಿದ್ದು 1905ರಲ್ಲಿ ನ್ಯೂಯಾರ್ಕಿಗೆ ಬಂದ ಮನೆತನದ ಕಂಪನಿ ಅದು. ಈ ಲೋಹದಲ್ಲಿ ಸುಮಾರು 92 ಪಾಲು ತಾಮ್ರ, ಉಳಿದದ್ದು ತವರ, ಜೊತೆಗೆ ಅತ್ಯಲ್ಪ ರಂಜಕ. ಇದರ ನಾದ ಬೆಚ್ಚಗೆ, ಮಧ್ಯ ಮತ್ತು ಮಂದ್ರದಲ್ಲಿ ತುಂಬಿಕೊಂಡಿರುತ್ತದೆ; ಬಾಳಿಕೆಯೂ ಹೆಚ್ಚು. ಇಂದು ಅತಿ ವ್ಯಾಪಕವಾಗಿ ಬಳಕೆಯಲ್ಲಿರುವ ಸುತ್ತು ಇದು.

ನಿಕ್ಕಲ್ ಮತ್ತು ತಾಮ್ರ ಬೆರೆತ ಮೋನೆಲ್ ಲೋಹದ ತಂತಿಗಳನ್ನು ಗಿಬ್ಸನ್ 1930ರ ದಶಕದಲ್ಲಿ ಮಾರುತ್ತಿತ್ತು. ತುಕ್ಕಿಗೆ ಜಗ್ಗದ, ಒಣದನಿಯ, ಮರದ ಸ್ವಭಾವವನ್ನು ಮರೆಸದ ಈ ತಂತಿ ನಡುವೆ ಹಿಂದೆ ಸರಿದು, 21ನೇ ಶತಮಾನದಲ್ಲಿ ಮತ್ತೆ ಬಳಕೆಗೆ ಬಂದಿದೆ. ಉಕ್ಕಿನ ತಿರುಳಿನ ಸುತ್ತ ರೇಷ್ಮೆಯ ಎಳೆಗಳಿಟ್ಟು ಮೇಲೆ ಬೆಳ್ಳಿಲೇಪದ ತಾಮ್ರ ಸುತ್ತಿದ 'ಸಿಲ್ಕ್ ಅಂಡ್ ಸ್ಟೀಲ್' ತಂತಿ ಬಿಗಿತದಲ್ಲಿ ಹಗುರ, ನಾದದಲ್ಲಿ ಮೃದು. ಹಳೆಯ ಸಣ್ಣ ಗಿಟಾರುಗಳಿಗೆ ಹೊಂದುತ್ತದೆ.

ತಿರುಳಿನ ಆಕಾರಕ್ಕೂ ಮಹತ್ವವಿದೆ. ಆರು ಮೂಲೆಯ ತಿರುಳಿನ ಅಂಚುಗಳು ಸುತ್ತನ್ನು ಕಚ್ಚಿ ಹಿಡಿಯುವುದರಿಂದ ತಂತಿ ಎಲ್ಲ ಕಡೆ ಏಕರೂಪವಾಗಿರುತ್ತದೆ, ಶ್ರುತಿ ನಿಲ್ಲುತ್ತದೆ. ದುಂಡು ತಿರುಳಿನ ತಂತಿ ಬೆರಳಿಗೆ ಮೆತ್ತಗೆ, ಹೆಚ್ಚು ಬಳುಕು. ಆದರೆ ಬಿರಡೆಗೆ ಕಟ್ಟಿ ಬಗ್ಗಿಸುವ ಮೊದಲೇ ತುದಿ ಕತ್ತರಿಸಿದರೆ ಸುತ್ತು ಸಡಿಲಾಗುತ್ತದೆ.

ನೈಲಾನ್

ಶಾಸ್ತ್ರೀಯ ಗಿಟಾರ್ ಉಕ್ಕಿನ ದಾರಿ ಹಿಡಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯುವ ದಾರಕ್ಕಾಗಿ ಕರುಳು ಆಸ್ಪತ್ರೆಗಳಿಗೆ ಹೋಗತೊಡಗಿ ವಾದಕರಿಗೆ ತಂತಿಯ ಬರ ಬಂತು. ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ವಾಲೆಸ್ ಕರಾದರ್ಸ್ 1935ರಲ್ಲಿ ತಯಾರಿಸಿದ್ದ ನೈಲಾನ್ ಎಳೆಯನ್ನು ನ್ಯೂಯಾರ್ಕಿನ ವಾದ್ಯ ನಿರ್ಮಾಪಕ ಆಲ್ಬರ್ಟ್ ಆಗಸ್ಟೀನ್ ಗಿಟಾರಿಗೆ ಒಗ್ಗಿಸಿದ. ಅದರ ನಾದವನ್ನು ತಿದ್ದುತ್ತ ಬಂದ ಕೆಲಸದಲ್ಲಿ ಸ್ಪೇನಿನ ಮಹಾನ್ ವಾದಕ ಆಂದ್ರೆಸ್ ಸೆಗೋವಿಯಾ ಅವನಿಗೆ ಕಿವಿಯಾದರು. 1940ರ ದಶಕದ ಕೊನೆಗೆ ಆಗಸ್ಟೀನ್ ತಂತಿಗಳು ಮಾರುಕಟ್ಟೆಗೆ ಬಂದವು. ನಂಬಿ ವೇದಿಕೆಗೆ ಒಯ್ಯಬಹುದಾದ ತಂತಿ ಸಿಕ್ಕಿದ ಮೇಲೆ ಶಾಸ್ತ್ರೀಯ ಗಿಟಾರ್ ದೊಡ್ಡ ಸಭಾಂಗಣಗಳಲ್ಲಿ ಧೈರ್ಯವಾಗಿ ಕುಳಿತಿತು. ಆಗಸ್ಟೀನನ ಕೆಲಸಕ್ಕೆ ಆ ವಾದ್ಯ ಎಂದೆಂದೂ ಋಣಿ.

ನೈಲಾನಿಗಿಂತ ಸಾಂದ್ರವಾದ ಫ್ಲೋರೋಕಾರ್ಬನ್ ಎಳೆ ಆಮೇಲೆ ಬಂತು. ಅದೇ ಶ್ರುತಿಗೆ ಅದು ತೆಳುವಾಗಿರುತ್ತದೆ, ನಾದ ಹೆಚ್ಚು ಚುರುಕು. ಮಂಕಾಗಿ ಕೇಳುವ ಮೂರನೆಯ ತಂತಿಗೆ ಮಾತ್ರ ಅದನ್ನು ಹೂಡುವ ವಾದಕರೂ ಇದ್ದಾರೆ. ಕರುಳಿನ ಸಾಂದ್ರತೆ ಮತ್ತು ನಾದವನ್ನು ಅನುಕರಿಸುವ 'ನೈಲ್‌ಗಟ್' ಅನ್ನು ಇಟಲಿಯ ಅಕ್ವಿಲಾ ಕಂಪನಿ 1990ರ ದಶಕದಲ್ಲಿ ರೂಪಿಸಿತು.

ಲೇಪನವುಳ್ಳ ತಂತಿ

ತಂತಿಯ ನಾದ ದಿನೇ ದಿನೇ ಇಳಿಯುತ್ತದೆ. ಬೆವರಿನ ಉಪ್ಪು, ಚರ್ಮದ ಜಿಡ್ಡು, ಧೂಳು ಸುತ್ತಿನ ಸಂದುಗಳಲ್ಲಿ ಕೂತು ಕಂಪನವನ್ನು ತಡೆಯುತ್ತವೆ. ಮೊದಲು ಕಳೆದುಹೋಗುವುದು ತಾರ ಉಪಸ್ವರಗಳು. ಮಳೆಬಟ್ಟೆಯ ಗೋರ್-ಟೆಕ್ಸ್‌ನಿಂದ ಹೆಸರಾದ ಡಬ್ಲ್ಯು. ಎಲ್. ಗೋರ್ ಕಂಪನಿ 1990ರ ದಶಕದ ಉತ್ತರಾರ್ಧದಲ್ಲಿ 'ಎಲಿಕ್ಸಿರ್' ಹೆಸರಿನಲ್ಲಿ ತೆಳುವಾದ ಪಾಲಿಮರ್ ಹೊದಿಕೆಯ ತಂತಿ ತಂದು ಬಾಳಿಕೆಯನ್ನು ಹಲವು ಪಟ್ಟು ಹೆಚ್ಚಿಸಿತು. ಆರಂಭದ ದಪ್ಪ ಲೇಪ ನಾದದ ಹೊಳಪನ್ನು ಸ್ವಲ್ಪ ತಗ್ಗಿಸುತ್ತಿತ್ತು. ಮುಂದಿನ ಲೇಪಗಳು ತೆಳುವಾದವು. ಉಪ್ಪುಗಾಳಿಯ ಕಡಲ ತೀರದ ಊರುಗಳಲ್ಲಿ, ನಮ್ಮ ಕರಾವಳಿಯಲ್ಲೂ, ಬರಿಯ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಇವುಗಳ ಉಪಯೋಗ ಹೆಚ್ಚು.

ಭಾರತದಲ್ಲಿ

ಹವಾಯಿ ಗಿಟಾರ್ 20ನೇ ಶತಮಾನದ ಮೊದಲರ್ಧದಲ್ಲಿ ಭಾರತಕ್ಕೆ ಬಂತು. 1940ರ ದಶಕದಲ್ಲಿ ಕೋಲ್ಕತ್ತದಲ್ಲಿದ್ದ ವಾದಕ ಟೌ ಮೋ ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿ ಹೊಸ ಪರಂಪರೆ ತೆರೆದರು. ವಿಶ್ವಮೋಹನ್ ಭಟ್ ತಾವಾಗಿಯೇ ಅನುರಣಿಸುವ ತರಬ್ ತಂತಿಗಳನ್ನು ಸೇರಿಸಿ ಮೋಹನ ವೀಣೆ ರೂಪಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇದೇ ಸ್ಲೈಡ್ ಗಿಟಾರ್ ಹಾದಿಯ ಕಲಾವಿದರು. ಸರಳು ಜಾರಿಸಿ ನುಡಿಸುವ ಈ ಬಗೆಯಲ್ಲಿ ತಂತಿಯನ್ನು ಫ್ರೆಟ್ಟಿಗೆ ಒತ್ತುವ ಕೆಲಸವಿಲ್ಲ. ತೆಳು ತಂತಿ ಸರಳಿನ ಭಾರಕ್ಕೆ ಕುಸಿದು ಗಿರಗುಡುತ್ತದೆ. ಆದ್ದರಿಂದ ಇಲ್ಲಿ ದಪ್ಪ, ಬಿಗಿ ತಂತಿಯೇ ಸೂಕ್ತ. ಮೀಂಡ್ ಎಳೆದಷ್ಟೂ ದನಿ ನಿಲ್ಲುವುದಕ್ಕೆ ಅದೇ ಆಧಾರ.

ಆಯ್ಕೆಯ ಪರಿಪಾಠ

ತಂತಿಯ ದಪ್ಪವನ್ನು ಇಂಚಿನ ಸಾವಿರದ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಅದನ್ನು ಗೇಜ್ ಎನ್ನುತ್ತಾರೆ. 'ಲೈಟ್' ಸೆಟ್ಟಿನಲ್ಲಿ ಮೊದಲ ತಂತಿ 12, ಆರನೆಯದು 53. ಒಟ್ಟು ಎಳೆತ ಸುಮಾರು 72 ಕಿಲೋಗ್ರಾಂ. 'ಮೀಡಿಯಂ' ಸೆಟ್ಟಿನ 13ರಿಂದ 56ರ ತಂತಿಗಳದು ಸುಮಾರು 84 ಕಿಲೋಗ್ರಾಂ. ನೈಲಾನ್ ಸೆಟ್ಟಿನದು ಸುಮಾರು 40 ಕಿಲೋಗ್ರಾಂ ಮಾತ್ರ. ಶಾಸ್ತ್ರೀಯ ಗಿಟಾರಿಗೆ ಉಕ್ಕಿನ ತಂತಿ ಹೂಡಲೇಬಾರದು ಎಂಬ ಎಚ್ಚರಿಕೆಗೆ ಈ ಅಂತರವೇ ಕಾರಣ.

ದಪ್ಪ ತಂತಿ ಮೇಲ್ಹಲಗೆಯನ್ನು ಹೆಚ್ಚು ಶಕ್ತಿಯಿಂದ ಅಲುಗಿಸುತ್ತದೆ. ದನಿ ದೊಡ್ಡದು, ತುಂಬು. ತೆಳು ತಂತಿ ಬೆರಳಿಗೆ ಸುಲಭ, ದನಿ ಸಣ್ಣದು. ಪಿಕ್ ಹಿಡಿದು ಬಿರುಸಾಗಿ ನುಡಿಸುವ ಬ್ಲೂಗ್ರಾಸ್ ವಾದಕರು ಡ್ರೆಡ್‌ನಾಟ್‌ಗೆ ಮೀಡಿಯಂ ಹೂಡುವುದು ರೂಢಿ. ಬೆರಳಿನಲ್ಲಿ ನುಡಿಸುವವರಿಗೆ, ಸಣ್ಣ ಒಡಲಿನ ವಾದ್ಯಕ್ಕೆ ಲೈಟ್ ಅಥವಾ ಇನ್ನೂ ತೆಳುವಾದದ್ದು. ಶ್ರುತಿ ಇಳಿಸಿ ನುಡಿಸುವವರು ಸಡಿಲವಾಗದಂತೆ ಒಂದು ಹೆಜ್ಜೆ ದಪ್ಪದ ತಂತಿ ಹಿಡಿಯುತ್ತಾರೆ.

ಲೋಹದ ಆಯ್ಕೆಯಲ್ಲಿ ಸಾಮಾನ್ಯ ಸೂತ್ರವೆಂದರೆ ವಾದ್ಯದಲ್ಲಿ ಕೊರತೆಯಿರುವುದನ್ನು ತಂತಿಯಿಂದ ತುಂಬುವುದು. ಮಂದ್ರ ಗದ್ದಲವಾಗಿ ಕೇಳುವ ದೊಡ್ಡ ಗಿಟಾರಿಗೆ 80/20. ತೀಕ್ಷ್ಣವಾಗಿ ಕೇಳುವ ಗಿಟಾರಿಗೆ ಫಾಸ್ಫರ್ ಬ್ರಾಂಜ್. ಮರದ ಒಣದನಿ ಬೇಕೆನ್ನುವವರಿಗೆ ಮೋನೆಲ್. ರೋಸ್‌ವುಡ್‌ಗೆ ಇಂಥದು, ಮಹಾಗನಿಗೆ ಇಂಥದು ಎಂದು ಬೆನ್ನಹಲಗೆಯ ಮರ ನೋಡಿ ತಂತಿ ಹೇಳುವವರಿದ್ದಾರೆ. ಆದರೆ 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಬೆನ್ನು ಮತ್ತು ಪಕ್ಕದ ಹಲಗೆಗಳ ಮರವೊಂದನ್ನು ಬಿಟ್ಟರೆ ಒಂದೇ ರೀತಿ ಕಟ್ಟಿದ ಆರು ಗಿಟಾರುಗಳನ್ನು ಕಣ್ಣಿಗೆ ಕಾಣದಂತೆ ನುಡಿಸಿದ ಗಿಟಾರ್ ವಾದಕರು ಅವುಗಳ ನಾದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಗುರುತಿಸಲಿಲ್ಲ. ಆದ್ದರಿಂದ ಮರದ ಹೆಸರಿಗಿಂತ ಕೈಯಲ್ಲಿರುವ ವಾದ್ಯದ ದನಿಯನ್ನೇ ಕೇಳಿ ನಿರ್ಧರಿಸುವುದು ಮೇಲು.

ಆಯ್ಕೆಯ ಕ್ರಮವನ್ನು ಇತಿಹಾಸವೇ ಹಾಕಿಕೊಟ್ಟಿದೆ: ಮೊದಲು ಒಡಲು ಎಷ್ಟು ಎಳೆತ ತಾಳುತ್ತದೆ ಎಂಬುದು, ಆಮೇಲೆ ನುಡಿಸುವ ಕೈಗೆ ಎಷ್ಟು ಬಿಗಿ ಹಿತ ಎಂಬುದು, ಕೊನೆಗೆ ಲೋಹ. ಗೇಜ್ ಮತ್ತು ಲೋಹ ಎರಡನ್ನೂ ಒಮ್ಮೆಲೇ ಬದಲಿಸಿದರೆ ನಾದದ ವ್ಯತ್ಯಾಸ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು. ಹೊಸ ತಂತಿಯ ಮೊದಲ ದಿನದ ಮಿನುಗು ಉಳಿಯುವಂಥದ್ದಲ್ಲವಾದ್ದರಿಂದ ಕೆಲವು ದಿನ ನುಡಿಸಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ತಂತಿ ದುಬಾರಿ ವಸ್ತುವಲ್ಲ. ಸಾಧಾರಣ ಗಿಟಾರಿನಿಂದಲೂ ಅದರ ಅತ್ಯುತ್ತಮ ನಾದವನ್ನು ಹೊರಡಿಸಲು ವಾದಕನ ಕೈಗೆ ಎಟುಕುವ ಅತಿ ಸುಲಭ ಸಾಧನ ಅದು.