ಗೋಸುಂಬೆಯ ಕಾಲು ದೌರ್ಬಲ್ಯ

ಗೋಸುಂಬೆಯ ಕಾಲು ದೌರ್ಬಲ್ಯವು ಸೆರೆಯಲ್ಲಿ ಸಾಕಿದ ಗೋಸುಂಬೆಗಳಲ್ಲಿ (ಊಸರವಳ್ಳಿ) ಕಂಡುಬರುವ ಒಂದು ರೋಗಲಕ್ಷಣ. ಕ್ಯಾಲ್ಸಿಯಂ ಕೊರತೆಯಿಂದ ಮೂಳೆಗಳು ಮೆದುವಾಗುವ ಚಯಾಪಚಯ ಮೂಳೆರೋಗವು ಇದರ ಪ್ರಮುಖ ಕಾರಣ. ಆರಂಭದಲ್ಲೇ ಗುರುತಿಸಿದರೆ ರೋಗವನ್ನು ತಡೆಯಬಹುದು. ಒಮ್ಮೆ ಬಾಗಿದ ಮೂಳೆ ಪೂರ್ಣವಾಗಿ ನೇರವಾಗುವುದು ಅಪರೂಪ. ಮುಂಗಾರಿನಲ್ಲಿ ಬಿಸಿಲು ವಿರಳವಾಗುವ ಸಕಲೇಶಪುರ ಮತ್ತು ಆಲೂರು ಗುಡ್ಡಗಳಂತಹ ಪ್ರದೇಶಗಳಲ್ಲಿ ಇದರ ತಡೆಗೆ ಹೆಚ್ಚಿನ ಎಚ್ಚರ ಬೇಕಾಗುತ್ತದೆ.

ಪ್ರಾಣಿಯ ಗುರುತು

ಬಣ್ಣ ಬದಲಿಸುವ ಓತಿಕ್ಯಾತವನ್ನೂ ಗ್ರಾಮೀಣ ಭಾಗಗಳಲ್ಲಿ ಗೋಸುಂಬೆಯೆಂದು ಕರೆಯುವುದುಂಟು. ನಿಜವಾದ ಗೋಸುಂಬೆಯ ಬೆರಳುಗಳು ಎರಡು ಗುಂಪುಗಳಾಗಿ ಕೂಡಿಕೊಂಡು ಇಕ್ಕಳದಂತಿರುತ್ತವೆ. ಮುಂಗಾಲಿನಲ್ಲಿ ಒಳಬದಿಗೆ 3 ಮತ್ತು ಹೊರಬದಿಗೆ 2 ಬೆರಳುಗಳಿದ್ದರೆ, ಹಿಂಗಾಲಿನಲ್ಲಿ ಈ ಕ್ರಮ ತಿರುವುಮುರುವಾಗಿರುತ್ತದೆ. ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುತ್ತವೆ. ಬಾಲವು ಕೊಂಬೆಯನ್ನು ಸುತ್ತಿಕೊಳ್ಳುತ್ತದೆ. ಮರದ ಮೇಲಿನ ಇದರ ಬದುಕು ಹಿಡಿತವನ್ನೇ ಅವಲಂಬಿಸಿರುವುದರಿಂದ ಕಾಲು ಸೋಲುವುದು ಅದಕ್ಕೆ ಗಂಭೀರ ಅಪಾಯ.

ಕಾರಣಗಳು

ನೇರಳಾತೀತ ಬಿ ಕಿರಣಗಳು ಚರ್ಮದ ಮೇಲೆ ಬಿದ್ದಾಗ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಇದು ಅಗತ್ಯ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಗ್ರಂಥಿಗಳ ಸ್ರಾವವು ಹೆಚ್ಚಿ, ಮೂಳೆಗಳಲ್ಲಿರುವ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಸೇರುತ್ತದೆ, ಮೂಳೆ ಸೊರಗುತ್ತದೆ. ಆಹಾರವಾಗಿ ಕೊಡುವ ಬಹುತೇಕ ಕೀಟಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕದ ಅಂಶವೇ ಅಧಿಕವಾಗಿರುವುದರಿಂದ ಕೊರತೆ ಇನ್ನಷ್ಟು ಬಿಗಡಾಯಿಸುತ್ತದೆ. ಮೊಟ್ಟೆ ಹೊತ್ತ ಹೆಣ್ಣುಗಳು ಮತ್ತು ಬೆಳೆಯುವ ಮರಿಗಳು ಬೇಗ ಬಾಧೆಗೊಳಗಾಗುತ್ತವೆ.

ಸಕಲೇಶಪುರವು ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಮಲೆನಾಡು. ಅದರ ಪೂರ್ವಕ್ಕಿರುವ ಆಲೂರು ಅರೆಮಲೆನಾಡು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನಗಳು ಹೆಚ್ಚು. ಆಗ ಪಂಜರವನ್ನು ಕಿಟಕಿಯ ಬಳಿ ಇರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸಾಮಾನ್ಯ ಗಾಜು ನೇರಳಾತೀತ ಬಿ ಕಿರಣಗಳನ್ನು ತಡೆಯುತ್ತದೆ. ತಂಪಿನಿಂದ ಜೀರ್ಣಕ್ರಿಯೆಯೂ ನಿಧಾನವಾಗುತ್ತದೆ.

ಲಕ್ಷಣಗಳು

ಕೊಂಬೆಯ ಮೇಲಿನ ಹಿಡಿತ ಸಡಿಲವಾಗುವುದು ಮೊದಲ ಸೂಚನೆಗಳಲ್ಲಿ ಒಂದು. ನಂತರ ಮೈಯನ್ನು ಎತ್ತಿ ನಡೆಯಲಾಗದೆ ತೆವಳುವುದು, ಮೊಣಕೈ ಮತ್ತು ಮೊಣಕಾಲು ಬಾಗುವುದು, ದವಡೆ ಮೆದುವಾಗುವುದು, ನಾಲಿಗೆ ಚಾಚಿ ಬೇಟೆ ಹಿಡಿಯಲಾಗದಿರುವುದು, ಸ್ನಾಯುಗಳು ಅದುರುವುದು ಕಂಡುಬರುತ್ತವೆ. ಸಣ್ಣ ಬೀಳುವಿಕೆಯಿಂದಲೂ ಮೂಳೆ ಮುರಿಯಬಹುದು. ಮೂತ್ರಪಿಂಡದ ರೋಗ, ಸಂಧಿವಾತ, ಸೋಂಕು ಮತ್ತು ಪೆಟ್ಟುಗಳೂ ಕಾಲನ್ನು ದುರ್ಬಲಗೊಳಿಸುವುದರಿಂದ ಲಕ್ಷಣಗಳನ್ನಷ್ಟೇ ನೋಡಿ ರೋಗ ನಿರ್ಧರಿಸಲಾಗದು.

ಚಿಕಿತ್ಸೆ

ಕ್ಷಕಿರಣ ಚಿತ್ರ ಮತ್ತು ರಕ್ತಪರೀಕ್ಷೆಯ ಮೂಲಕ ಪಶುವೈದ್ಯರು ರೋಗ ನಿರ್ಣಯಿಸುತ್ತಾರೆ. ಕ್ಯಾಲ್ಸಿಯಂ ಮತ್ತು ಡಿ3 ಜೀವಸತ್ವದ ಪ್ರಮಾಣವನ್ನು ಪ್ರಾಣಿಯ ತೂಕಕ್ಕೆ ತಕ್ಕಂತೆ ಅವರೇ ನಿಗದಿಪಡಿಸಬೇಕು. ಡಿ3 ಅತಿಯಾದರೆ ಮೂತ್ರಪಿಂಡ ಹಾಗೂ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಶೇಖರಗೊಂಡು ಪ್ರಾಣಾಪಾಯ ಉಂಟಾಗಬಹುದು. ಹಾಸನ ನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರ ಲಭ್ಯತೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಪ್ರಯಾಣದಲ್ಲಿ ಗಾಳಿಯಾಡುವ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ತಗ್ಗಿನಲ್ಲಿ ಒಂದು ಕಡ್ಡಿ ಜೋಡಿಸಿ, ಬಿಸಿಲಿಗೂ ತಣ್ಣನೆಯ ಗಾಳಿಗೂ ಒಡ್ಡದೆ ಒಯ್ಯಬೇಕು.

ಆರೈಕೆ

ಕಾಲು ಸೋತ ಗೋಸುಂಬೆಗೆ ಎತ್ತರದ ಕೊಂಬೆಗಳು ಅಪಾಯಕಾರಿ. ನೆಲದಿಂದ ತುಸುವೇ ಎತ್ತರದಲ್ಲಿ, ಹಿಡಿಯಲು ಸುಲಭವಾದ ಕಡ್ಡಿಗಳನ್ನು ಹತ್ತಿರ ಹತ್ತಿರವಾಗಿ ಕಟ್ಟಿ, ಕೆಳಗೆ ಮೆತ್ತನೆಯ ಹಾಸು ಇರಿಸಬೇಕು. ಕೊಂಬೆ ಹಿಡಿದಿರುವಾಗ ಅದನ್ನು ಎಳೆದು ಬಿಡಿಸಬಾರದು; ಮೆದು ಮೂಳೆ ಮುರಿಯಬಹುದು. ಗೋಸುಂಬೆಗಳು ಸಾಮಾನ್ಯವಾಗಿ ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ನೀರು ಕುಡಿಯುವುದರಿಂದ ಎಲೆಗಳಿಗೆ ನೀರು ಸಿಂಪಡಿಸಬೇಕು. ಚಿಮ್ಮಂಡೆ, ಮಿಡತೆಗಳಿಗೆ ಮೊದಲು ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಕಾಫಿ ತೋಟಗಳಿಂದ ಹಿಡಿದ ಕೀಟಗಳಲ್ಲಿ ಸಿಂಪಡಿಸಿದ ಕೀಟನಾಶಕದ ಅಂಶ ಇರಬಹುದಾದ್ದರಿಂದ ಅವನ್ನು ಬಳಸದಿರುವುದು ಕ್ಷೇಮ. ಸರೀಸೃಪಗಳಿಗೆಂದೇ ತಯಾರಾದ ನೇರಳಾತೀತ ದೀಪವನ್ನು ನಡುವೆ ಗಾಜಿನ ಅಡ್ಡವಿಲ್ಲದೆ, ತಯಾರಕರು ಸೂಚಿಸಿದ ಅಂತರದಲ್ಲಿ ಅಳವಡಿಸಬೇಕು. ಬೆಳಕು ಕಾಣುತ್ತಿದ್ದರೂ ಕಾಲಕ್ರಮೇಣ ದೀಪದ ಕಿರಣಶಕ್ತಿ ಕುಗ್ಗುತ್ತದೆ. ಆದ್ದರಿಂದ ನಿಗದಿತ ಅವಧಿಗೆ ಅದನ್ನು ಬದಲಿಸಬೇಕು.

ಕಾನೂನು

ಭಾರತದ ಗೋಸುಂಬೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದೆ. ಅದನ್ನು ಹಿಡಿಯುವುದು, ಸಾಕುವುದು ಮತ್ತು ಮಾರುವುದು ಅಪರಾಧ. ರಸ್ತೆಯಲ್ಲಿ ಅಥವಾ ತೋಟದಲ್ಲಿ ನಿತ್ರಾಣವಾಗಿ ಸಿಕ್ಕ ಗೋಸುಂಬೆಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ, ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಯೆಮನ್ ಹಾಗೂ ಸೌದಿ ಅರೇಬಿಯಾ ಮೂಲದ ಮುಸುಕು ಗೋಸುಂಬೆಯಂತಹ ವಿದೇಶಿ ಪ್ರಭೇದಗಳನ್ನು ಇಟ್ಟುಕೊಂಡವರು, ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅವುಗಳನ್ನು ನೋಂದಾಯಿಸಬೇಕಾಗುತ್ತದೆ.